ಹತ್ತು ಎಣಿಸುವ ಸ್ಟವ್

ಫೆಬ್ರವರಿ 3, ಬೆಳಿಗ್ಗೆ 6.15

ಸೀಮೆಎಣ್ಣೆ ಸ್ಟವ್ ಇವತ್ತೂ ಕೈಕೊಟ್ಟಿತು. ಪಂಪ್ ಹೊಡೆದು ಹೊಡೆದು ಬೆರಳು ಬೊಬ್ಬೆ. ತಣ್ಣನೆ ಬ್ರೆಡ್ ತಿಂದು ಹೊರಟ್ವಿ. ಚಹಾ ಇಲ್ಲದೆ ಅತ್ತೆಯ ಮುಖ ಗಂಟು. ಮೂವತ್ತು ವರ್ಷದಿಂದ ಈ ಬೋಟಿನ ಚುಕ್ಕಾಣಿ ಅವರದ್ದೇ. ದ್ವೀಪಗಳಿಗೆ ಟಪಾಲು, ಔಷಧಿ. ಇವರು, ಅಂದ್ರೆ ನನ್ನ ಗಂಡ, ಕಾಲು ಮುರ್ಕೊಂಡು ಮನೇಲಿರೋದ್ರಿಂದ ಅವರ ಜಾಗದಲ್ಲಿ ನಾನು.

ಫೆ. 4

ದಾರಿಯ ಬಂದರಲ್ಲಿ ಅಂಗಡಿಯವನು ಎರಡು ಗ್ಯಾಸ್ ಸ್ಟವ್ ತೋರಿಸಿದ. ಎರಡಕ್ಕೂ ಪಾತ್ರೆ ಜಾರದ ಹಾಗೆ ಸುತ್ತ ಕಂಬಿ. ಒಂದರಲ್ಲಿ ಬೆಂಕಿ ಆರಿದರೆ ಗ್ಯಾಸ್ ತಾನಾಗೇ ನಿಲ್ಲುತ್ತಂತೆ. ಆದರೆ ಹಚ್ಚುವಾಗ ಹತ್ತು ಎಣಿಸುವವರೆಗೆ ನಾಬ್ ಒತ್ತಿ ಹಿಡಿದಿರಬೇಕು.

“ಹತ್ತು ಎಣಿಸೋಕೆ ನಾವೇನು ಕಣ್ಣಾಮುಚ್ಚಾಲೆ ಆಡ್ತಿದೀವಾ?” ಅಂದರು ಅತ್ತೆ.

“ಅಮ್ಮಾ, ಗ್ಯಾಸ್ ಗಾಳಿಗಿಂತ ಭಾರ. ಬೋಟಲ್ಲಿ ತಳಕ್ಕೆ ಇಳಿದು ಬಾವಿ ನೀರಿನ ಹಾಗೆ ನಿಂತ್ಬಿಡತ್ತೆ. ಆಮೇಲೆ ಒಂದು ಕಿಡಿ ಸಾಕು” ಅಂದ ಅವನು.

“ಸೋರಿದ್ರೆ ವಾಸನೆ ಬರಲ್ವೇನಯ್ಯಾ? ಮೂಗು ಇರೋದು ಯಾಕೆ?” ನನ್ನ ಕಡೆ ತಿರುಗಿದರು. “ನೀನೇನಂತೀಯೆ?”

“ನೀವು ಹೇಳಿದ ಹಾಗೆ” ಅಂದೆ.

ಹೇಳಬೇಕಿತ್ತು. ಜೂನ್‌ನಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಕರ್ಕೊಂಡು ಹೋಯ್ತು. ಹೂವು, ಹೊಗೆ, ಪೆಟ್ರೋಲ್ — ಎಲ್ಲ ಒಂದೇ. ಇವರಿಗೂ ಗೊತ್ತಿಲ್ಲ. ಹೇಳಿದ್ರೆ ಬೋಟು ಹತ್ತಿಸಲ್ಲ. ಹನ್ನೊಂದು ವರ್ಷ ಹೊಲಿಗೆ ಮಿಷನ್ ಮುಂದೆ ಕೂತವಳಿಗೆ ಈಗ ಸಮುದ್ರ ಸಿಕ್ಕಿದೆ...

ಎಣಿಸೋದು ಬೇಡದ ಇನ್ನೊಂದು ಸ್ಟವ್ ತಂದ್ವಿ, ಬೆಂಕಿ ಆರಿದರೂ ಗ್ಯಾಸ್ ನಿಲ್ಲದ್ದು.

ಫೆ. 5, ಬೆಳಿಗ್ಗೆ

ಸಿಲಿಂಡರ್ ಹೊರಗೆ ಡೆಕ್ ಮೇಲೆ, ನೆಟ್ಟಗೆ, ಹಗ್ಗ ಬಿಗಿದು. ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿದೆ. ಗುಳ್ಳೆ ಬರಲಿಲ್ಲ. ಕಣ್ಣೇ ನನ್ನ ಮೂಗು. ಅಡುಗೆ ಮುಗೀತಿದ್ದ ಹಾಗೇ ಸಿಲಿಂಡರ್ ವಾಲ್ವ್ ಬಂದ್. ಮೂರು ಸಲ ನೋಡಿದೆ.

“ಬೀಗ ಎಳೆದು ನೋಡೋ ಜಿಪುಣನ ಹಾಗಾಡ್ತೀಯಲ್ಲ” ಅಂದರು ಅತ್ತೆ.

ಫೆ. 9

ಚಳಿಗಾಳಿ. ಅತ್ತೆ ಕ್ಯಾಬಿನ್ ಬಾಗಿಲು ಹಾಕಿ ಸ್ಟವ್ ಹಚ್ಚಿಟ್ಟು ಕೈ ಕಾಯಿಸ್ತಾ ಕೂತಿದ್ದರು. ಬಾಗಿಲು ತೆಗೆದು ಸ್ಟವ್ ಆರಿಸಿದೆ. ಮುಚ್ಚಿದ ಕಡೆ ಉರಿದರೆ ಗಾಳಿ ವಿಷವಾಗತ್ತೆ, ಅದಕ್ಕೆ ವಾಸನೆಯೂ ಇರಲ್ಲ ಅಂದೆ. “ನಿನ್ನೆ ಬಂದವಳು ನನಗೆ ಬೋಟು ಕಲಿಸ್ತಾಳೆ” ಅಂದರು.

ಫೆ. 14, ಸಂಜೆ 4.40

ಒಂದೂ ಬಿಡದೆ ಬರೀತೀನಿ.

ಮಧ್ಯಾಹ್ನ ಚಹಾಕ್ಕೆ ಇಟ್ಟಿದ್ದೆ. ಬಂಡೆ ಸಾಲಿನ ಹತ್ತಿರ ಬೋಟಿನ ಅಡಿ ತಿರುಗೋ ಫ್ಯಾನಿಗೆ ಯಾರದೋ ಹರಿದ ಬಲೆ ಸುತ್ಕೊಂಡಿತು. ಅತ್ತೆ ಎಂಜಿನ್ ಆಫ್ ಮಾಡಿ ಕೂಗಿದರು. ಸ್ಟವ್ ಹಾಗೇ ಬಿಟ್ಟು ಓಡಿದೆ. ಬಲೆ ಕತ್ತರಿಸಿ ಎಳೆಯೋಕೆ ಹತ್ತು ನಿಮಿಷ. ಅಷ್ಟರಲ್ಲಿ ನೀರಿನ ಸೆಳೆತ ನಮ್ಮನ್ನು ಬಂಡೆ ಕಡೆ ಎಳೀತಿತ್ತು.

ಕೆಳಗಿಳಿದು ನೋಡಿದರೆ ಚಹಾ ಉಕ್ಕಿ ಬೆಂಕಿ ಆರಿದೆ. ನಾಬ್ ಪೂರ್ತಿ ತೆರೆದಿದೆ. ಯಾವಾಗ ಆರಿತೋ... ಮೇಲೆ ಅತ್ತೆ ಎಂಜಿನ್ನಿಗೆ ಕೀಲಿ ತೂರಿಸೋ ಸದ್ದು.

“ಮುಟ್ಟಬೇಡಿ!” ಅಂತ ಕಿರುಚಿದೆ.

ನಾಬ್ ತಿರುಗಿಸಿ, ಮೇಲೆ ಹೋಗಿ ವಾಲ್ವ್ ಬಂದ್ ಮಾಡಿದೆ. “ಗ್ಯಾಸ್ ತೆರೆದಿತ್ತು. ಯಾವ ಸ್ವಿಚ್ಚೂ ಬೇಡ. ತಳದ ನೀರೆತ್ತೋ ಪಂಪೂ ಬೇಡ.”

“ಎಷ್ಟು ಸೋರಿದೆ? ವಾಸನೆ ಜೋರಿತ್ತಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ನನಗೆ ವಾಸನೆ ಗೊತ್ತಾಗಲ್ಲ ಅತ್ತೆ. ಜೂನ್‌ನಿಂದ.”

ಅತ್ತೆ ಲಂಗರು ಎಸೆದರು. ಕಚ್ಚಿತು, ಜಾರಿತು, ಮತ್ತೆ ಕಚ್ಚಿತು. ಬಾಗಿಲು, ಕಿಟಕಿ, ತಳದ ಹಲಗೆ ಎಲ್ಲ ತೆಗೆದ್ವಿ. ಅತ್ತೆ ಬಗ್ಗಿ ಮೂಸಿ ಮುಖ ಹಿಂದೆಳೆದರು. “ತುಂಬಿದೆ.”

ಪ್ಲಾಸ್ಟಿಕ್ ಬಕೆಟ್ ತಗೊಂಡು ತಳದಿಂದ ಮೊಗೆದ್ವಿ. ನೀರಲ್ಲ, ತಳದಲ್ಲಿ ನಿಂತ ಗ್ಯಾಸು. ಕಾಣದ್ದನ್ನು ಮೊಗೆದು ಸಮುದ್ರಕ್ಕೆ ಸುರಿಯೋದು. ನೋಡಿದವರು ಹುಚ್ಚು ಅನ್ನಬೇಕು. ಐವತ್ತು ಸಲ, ನೂರು ಸಲ... ಲಂಗರು ಮತ್ತೆ ಜಾರಿತು. ಬಂಡೆ ಹತ್ತು ಮಾರು ದೂರ. ಅಲೆ ಒಡೆದ ನೀರು ಮೈಮೇಲೆ.

“ಈಗ ಹೋಗಿದೆ” ಅಂದರು.

“ಖಂಡಿತಾನಾ?”

“ಮೂಸಿದ್ದು ನಾನು. ನೀನಲ್ಲ.”

ಲೈಫ್ ಜಾಕೆಟ್ ಕಟ್ಟಿಸಿ ಎಂಜಿನ್ನಿಂದ ದೂರ, ಬೋಟಿನ ಮೂತಿಗೆ ಹೋಗು ಅಂದರು. ನಾನು ಅಲ್ಲಾಡಲಿಲ್ಲ.

“ಹೋಗು. ಮನೇಲಿರೋ ಅವನಿಗೆ ಒಬ್ಬರಾದ್ರೂ ಉಳೀಬೇಕು.”

ಹೋದೆ. ಬೆನ್ನು ತಿರುಗಿಸಿ ಕಣ್ಣು ಮುಚ್ಚಿದೆ. ಕೀಲಿ. ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಎಂಜಿನ್ನಿನ ದಡದಡ — ಇಷ್ಟು ಇಂಪಾದ ಸದ್ದು ಇನ್ನೊಂದು ಕೇಳಿಲ್ಲ.

ಫೆ. 16

ಎರಡು ದಿನ. ಬರೀ ಬ್ರೆಡ್ಡು, ತಣ್ಣೀರು. ಸ್ಟವ್ ಕಡೆ ಇಬ್ಬರೂ ನೋಡಲ್ಲ.

ಫೆ. 17, ಮಧ್ಯಾಹ್ನ

ಮತ್ತೆ ಅದೇ ಬಂದರಲ್ಲಿ ಅತ್ತೆ ತಾವೇ ಅಂಗಡಿಗೆ ಹೋಗಿ ಹತ್ತು ಎಣಿಸುವ ಸ್ಟವ್ ತಂದರು. ಜೊತೆಗೆ ಗ್ಯಾಸ್ ಸೋರಿದರೆ ಕೂಗೋ ಒಂದು ಪುಟ್ಟ ಡಬ್ಬಿ. ತಳದ ಹತ್ತಿರ ಮೊಳೆ ಹೊಡೀತಾ ಹೊಡೀತಾ ಕೇಳಿದರು.

“ಎಂಟು ತಿಂಗಳಿಂದ ನನ್ನ ಅಡುಗೆ ಘಮಘಮ ಅಂತಿದ್ಯಲ್ಲ, ಏನದು?”

“ಕಣ್ಣಿಗೆ ಹಾಗೆ ಕಾಣ್ತಿತ್ತು.”

ನಗು ತಡೆಯೋಕೆ ತುಟಿ ಕಚ್ಚಿದರು, ಆಗಲಿಲ್ಲ. ನಾನೂ ನಕ್ಕೆ. ಆಮೇಲೆ ಅಳು ಬಂತು.

“ಅಂಗಡೀಲಿ ನನ್ನ ಹಟ. ನಿನ್ನ ಮೌನ. ಎರಡೂ ಸೇರ್ಕೊಂಡ್ರೆ ಕಿಡೀನೇ ಬೇಕಾಗಿಲ್ಲ” ಅಂದರು.

“ನನ್ನನ್ನು ಬೋಟಿಂದ ಇಳಿಸ್ತೀರಾ?”

“ಹಚ್ಚೋಕೆ ಮುಂಚೆ ನಾನು ಮೂಸ್ತೀನಿ. ಆಮೇಲೆ ನೀನು ಹಚ್ಚು, ಉರಿಯೋವಾಗ ಕದಲಬೇಡ. ಆದ್ರೆ ಅವನಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.”

ಫೆ. 20, ಬೆಳಿಗ್ಗೆ 11.20

ನಮ್ಮೂರ ದಡ ಕಾಣ್ತಿದೆ. ಇವರು ಊರುಗೋಲು ಹಿಡಿದು ಕಟ್ಟೆ ತುದೀಲಿ ನಿಂತಿದಾರೆ. ಬರೋಕೆ ಹೇಳಿರಲಿಲ್ಲ. ಬೋಟಲ್ಲಿ ಇನ್ನು ಬೇಡ ಅಂದರೆ ವಾದ ಮಾಡ್ತೀನಿ. ಆದರೆ ಮೊದಲು ಹೇಳ್ತೀನಿ. ಹೇಗಿದೀರ ಅಂತ ಕೇಳೋಕೂ ಮುಂಚೆ. ಅತ್ತೆ ಹಗ್ಗ ಎಸಿ ಅಂತಿದಾರೆ, ಇವರು ಕೈ ಚಾಚಿದಾರೆ. ಬರೆಯೋದು ಸಾಕು.