ಬೀರುವಿನೊಳಗಿನ ಬಟ್ಟೆಯ ಅಂಡಾಶಯ

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಮಹಿಳಾ ವಿಭಾಗದ ಬೆಂಚಿನ ಮೇಲಿದ್ದ ನಾನು ಬಟ್ಟೆಯಲ್ಲಿ ಹೊಲಿದ ಗರ್ಭಕೋಶದ ಮಾದರಿಯನ್ನು ‘ಅಸಭ್ಯ’ ಎಂದು ತಾವು ಬೀರುವಿಗೆ ಸೇರಿಸಿ ಬೀಗ ಹಾಕಿಸಿದ್ದೀರಿ. ಅಲ್ಲಿನ ಗೋಡೆಯ ಮೇಲೆ ಹೃದಯದ ಚಿತ್ರವಿದೆ, ಕೊಳೆತ ಹಲ್ಲಿನ ಚಿತ್ರವೂ ಇದೆ. ಹೊಕ್ಕುಳಿನ ಕೆಳಗೆ ಮಾತ್ರ ಹೆಣ್ಣಿಗೆ ಏನೂ ಇಲ್ಲವೇ? ತಾವೇನು ಆಕಾಶದಿಂದ ಉದುರಿದವರೇ?

ಮಾತಾಡಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಅಕ್ಕನೂ ದರ್ಜಿಗಳು. ಹೋದ ವರ್ಷ ಅಕ್ಕ ಕಿಬ್ಬೊಟ್ಟೆ ಹಿಡಿದುಕೊಂಡು ಬಂದಾಗ ನಿಮ್ಮ ಕೌಂಟರಿನಲ್ಲಿ ‘ಎಲ್ಲಿ ನೋವು?’ ಎಂದು ಕೂಗಿ ಕೇಳಿದರು. ಹಿಂದೆ ಗಂಡಸರ ಸಾಲು. ನಮ್ಮ ಮನೆಯಲ್ಲಿ ಕತ್ತಿನಿಂದ ಮಂಡಿಯವರೆಗೆ ಎಲ್ಲವೂ ಹೊಟ್ಟೆಯೇ. ಅಕ್ಕ ‘ಹೊಟ್ಟೆ’ ಎಂದಳು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನದ ಮೇಲೆ ಕೊಯ್ದು ತೆಗೆದದ್ದು ಕಪ್ಪಾದ ಅಂಡಾಶಯ. ತಿರುಚಿಕೊಂಡು ರಕ್ತ ನಿಂತುಹೋಗಿತ್ತಂತೆ.

ತಿರುಚುವುದೆಂದರೆ ಹೇಗೆ? ತಿಳಿಯಲೆಂದೇ ಹೊಲಿದೆ. ಗರ್ಭಕೋಶಕ್ಕೆ ಕೆಂಪು ಬಟ್ಟೆ, ಅಂಡನಾಳದ ತುದಿಗೆ ಜಾಲರಿ, ಅಂಡಾಶಯಕ್ಕೆ ಎಡಕ್ಕೊಂದು ಬಲಕ್ಕೊಂದು ಹತ್ತಿ ತುಂಬಿದ ಬಾದಾಮಿ ಗಾತ್ರದ ಉಂಡೆ. ಪ್ರತಿ ಉಂಡೆಯನ್ನೂ ಗರ್ಭಕೋಶಕ್ಕೆ ಒಂದೇ ಲಾಡಿಯಿಂದ ತೂಗುಬಿಟ್ಟಿದ್ದೆ. ಆಸ್ಪತ್ರೆಗೆ ತಂದು ತೋರಿಸಿದಾಗ ನಿಮ್ಮ ಹಿರಿಯ ನರ್ಸಮ್ಮ ನೋಡಿ ನಕ್ಕರು.

‘ಅಯ್ಯೋ ಹುಡುಗಿ, ಇದೇನು ಪರದೆಗೆ ಕಟ್ಟೋ ಕುಚ್ಚಾ? ಇನ್ನೊಂದು ಲಾಡಿ ಎಲ್ಲಿ?’

‘ಇನ್ನೊಂದೂ ಇದೆಯಾ ನರ್ಸಮ್ಮ?’

‘ಇಲ್ದೆ ಏನು! ಒಂದು ಗರ್ಭಕೋಶಕ್ಕೆ, ಇನ್ನೊಂದು ಸೊಂಟದೊಳಗಿನ ಪಕ್ಕದ ಗೋಡೆಗೆ. ದೊಡ್ಡ ರಕ್ತನಾಳ ಬರೋದೇ ಅದರೊಳಗೆ. ಅದು ತಿರುಚ್ಕೊಂಡ್ರೆ ಮುಗೀತು.’

ಬಿಚ್ಚಿ ಮತ್ತೆ ಹೊಲಿದೆ. ಎರಡನೆಯ ಲಾಡಿಯೊಳಗೆ ಕೆಂಪು ನೂಲು ಎಳೆದೆ. ತಪ್ಪು ಹೊಲಿಗೆ ಬಿಚ್ಚುವುದು ದರ್ಜಿಗೆ ಅವಮಾನವಲ್ಲ. ಅಧಿಕಾರಿಗಳಿಗೆ ಹೇಗೋ, ನಾನರಿಯೆ.

ನರ್ಸಮ್ಮನೇ ಅದನ್ನು ಬೆಂಚಿನ ಮೇಲಿಟ್ಟರು. ಮೂರನೆಯ ವಾರ ಇಟ್ಟಿಗೆ ಹೊರುವ ಹೆಂಗಸೊಬ್ಬಳು ತಲೆ ಎತ್ತದೆಯೇ ಎಡಗಡೆಯ ಉಂಡೆಯನ್ನು ಒತ್ತಿ, ‘ಇಲ್ಲಿ. ಹಿಂಡ್ತಿದೆ’ ಎಂದಳು. ಅಂದೇ ಸ್ಕ್ಯಾನ್, ಅಂದೇ ಶಸ್ತ್ರಚಿಕಿತ್ಸೆ. ತಿರುಚಿದ್ದನ್ನು ಬಿಡಿಸಿದರು, ಅಂಡಾಶಯ ಉಳಿಯಿತು. ಮರುದಿನ ತಮ್ಮ ಆದೇಶ ಬಂತು.

ಅಸಭ್ಯ ಯಾವುದು ಸ್ವಾಮಿ? ಹತ್ತಿಯ ಉಂಡೆಯೋ, ಗ್ಯಾಸಿನ ಮಾತ್ರೆಯೋ?

ಸೋಮವಾರದೊಳಗೆ ಮಾದರಿ ಬೆಂಚಿಗೆ ಮರಳಲಿ. ಇಲ್ಲದಿದ್ದರೆ ಇನ್ನೊಂದು ಹೊಲಿದು, ತೊಡೆಯ ಮೇಲಿಟ್ಟುಕೊಂಡು ಅದೇ ಬೆಂಚಿನಲ್ಲಿ ಕೂರುತ್ತೇನೆ. ಬೇಕಿದ್ದರೆ ನನ್ನನ್ನೂ ಬೀರುವಿಗೆ ಸೇರಿಸಿ. ಮೂರನೆಯದನ್ನು ಅಕ್ಕ ಹೊಲಿಯುತ್ತಾಳೆ. ಲಾಡಿ ಎರಡು ಎಂದು ಈಗ ಅವಳಿಗೂ ಗೊತ್ತು.

ಇಂತಿ,
ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ, ತಮ್ಮೆದುರು ನಿಂತರೆ ಇವತ್ತಿಗೂ ನಾಲಿಗೆ ಒಣಗುವ
ದರ್ಜಿ ಹುಡುಗಿ