ಚೌಡಿ ಮುನಿದಳಂತೆ

೨೧ ಜುಲೈ ೨೦೨೫, ಸೋಮವಾರ

ಚೌಡಿ ಮುನಿದಳಂತೆ! ಕನ್ನಮ್ಮನ ಮನೆಯ ಮೇಲೆ ಧರೆ ಕುಸಿದದ್ದು ಅದಕ್ಕಂತೆ. ಇವತ್ತು ಶಾಲೆಯಲ್ಲಿ ಊರೆಲ್ಲ ಸಭೆ ಸೇರಿ ಕಂಡುಹಿಡಿದದ್ದು ಇಷ್ಟು.

ಹೋದ ಬೇಸಿಗೆಯಲ್ಲಿ ಸುರೇಂದ್ರ ಭಾವ ಗುಡ್ಡದ ಮೇಲಿನ ತನ್ನ ಹೋಂಸ್ಟೇಗೆ ರಸ್ತೆ ಮಾಡಿಸುವಾಗ ಚೌಡಿಬನ ಅಡ್ಡ ಬಂತು. ಜಾಗ ಬದಲಿಸಲು ದೇವಿಯ ಒಪ್ಪಿಗೆ ಬೇಕಲ್ಲ, ಹೂವಿನ ಪ್ರಸಾದ ಕೇಳಿದರು. ಹೂವು ಎಡಕ್ಕೆ ಬಿತ್ತು. ಬಲಕ್ಕೆ ಬೀಳುವವರೆಗೂ ಕೇಳಿದರು! ಆಮೇಲೆ ಚೌಡಿಯ ಕಲ್ಲನ್ನು ರಸ್ತೆ ಬದಿಗಿಟ್ಟು, ಬನದ ಮರ ಕಡಿದು, ಜೆಸಿಬಿಯಲ್ಲಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕೊರೆದರು. ಕೆಳಗಿನ ಮನೆಯ ಕನ್ನಮ್ಮ, "ಮಳೆ ನೀರು ಎತ್ಲಾಗೆ ಹೋಗ್ಬೇಕು ಮಾರಾಯ್ರೆ?" ಎಂದದ್ದಕ್ಕೆ ನಕ್ಕರು. ಮಳೆಗೇ ಹೆಸರಾದ ಹುಲಿಕಲ್ ಪಕ್ಕದಲ್ಲೇ ಹುಟ್ಟಿದವರಿಗೆ ಮಳೆ ಹೊಸದೇ ಅಂತ!

ಸಭೆಯಲ್ಲಿ ನಾನೂ ಕೇಳಿದೆ. "ಇದೇ ಮಳೆ ಗುಡ್ಡದ ಆಚೆ ಮಗ್ಗುಲಿಗೂ ಹೊಯ್ತು. ಅಲ್ಲಿ ಮರ ಇದಾವೆ, ಒಂದು ಹಿಡಿ ಮಣ್ಣೂ ಜಾರ್ಲಿಲ್ಲ. ಚೌಡಿಗೆ ಈಚೆ ಮಗ್ಗುಲಿನ ಮೇಲೆ ಮಾತ್ರ ಸಿಟ್ಟಾ?"

"ದೇವ್ರ ವಿಷ್ಯ, ನಾಲ್ಗೆ ಬಿಗಿಹಿಡ್ದು ಮಾತಾಡು" ಎಂದ ಭಾವ. ಎಂಥ ಭಕ್ತ! ಜೆಸಿಬಿ ತಂದವನು ಇವನು, ತಪ್ಪು ಹೊತ್ತವಳು ಚೌಡಿ, ಮನೆ ಕಳಕೊಂಡವಳು ಕನ್ನಮ್ಮ.

ಮಳೆ ಬಿಟ್ಟ ಕೂಡಲೇ ಶಾಂತಿ ಮಾಡಿಸಿ, ಗಟ್ಟಿ ಜಾಗ ನೋಡಿ, ಶೀಟಿನ ಮಾಡು ಹಾಕಿ ಚೌಡಿಯನ್ನು ಕೂರಿಸುವುದೆಂದು ತೀರ್ಮಾನವಾಯಿತು. ಎಲ್ಲರೂ ಸಮಾಧಾನದಿಂದ ಎದ್ದರು. ಆ ಶಾಲೆಯ ಮೂಲೆಯಲ್ಲೇ ಈಗ ಚಾಪೆ ಹಾಸಿಕೊಂಡಿರುವ ಕನ್ನಮ್ಮ, "ಹಂಗಾರೆ ನಂಗೆ ಎಲ್ಲಿ ಜಾಗ?" ಎಂದಳು.

ಅದಕ್ಕೆ ಯಾರೂ ಪ್ರಸಾದ ಕೇಳಲಿಲ್ಲ.