ಕಿಟಕಿಯತ್ತ ಸರಿದ ಕುರ್ಚಿ

ಅಪ್ಪನಿಗೆ ನಮಸ್ಕಾರ,

ನಿನ್ನೆ ನಿನ್ನ ಕಾರ್ಖಾನೆಯ ಮಾಲೀಕರು ನಮ್ಮ ರಾಸಾಯನಿಕ ನಿಯಂತ್ರಣ ಕಚೇರಿಗೆ ಬಂದಿದ್ದರು. "ಪೀಪಾಯಿ ತುಂಬೋರಿಗೆಲ್ಲ ಕೈಗವಸು ಕಡ್ಡಾಯ ಮಾಡಿದ್ರೆ ನಾವು ಬಾಗಿಲು ಹಾಕ್ಬೇಕಾಗುತ್ತೆ. ನಮ್ಮ ದ್ರಾವಕ ನೀರಿದ್ದ ಹಾಗೆ" ಎಂದು ಒಂದು ಗಂಟೆ ಕೊರೆದರು. ಸಮಿತಿಯವರು ಹೌದೆಂದು ತಲೆಯಾಡಿಸತೊಡಗಿದ್ದರು. ಪದ್ಧತಿಯಂತೆ ನಾನು ಅವರ ದ್ರಾವಕದ ಮಾದರಿಯ ಶೀಶೆಯನ್ನು ಎಲ್ಲರೆದುರು ತೆರೆದೆ; ಘಾಟು ಮೂಗಿಗೆ ಬಡಿಯಿತು. ಮಾತು ನಿಲ್ಲಿಸದೆಯೇ ಮಾಲೀಕರು ಕುರ್ಚಿಯನ್ನು ಕಿಟಕಿಯವರೆಗೆ ಎಳೆದುಕೊಂಡು ಹೋದರು.

"ನೀರಿಗೆ ಯಾಕ್ರೀ ಅಷ್ಟು ಹೆದರ್ತೀರಿ?" ಎಂದರು ಅಧ್ಯಕ್ಷೆ. ನಿಯಮ ಪಾಸಾಯಿತು.

ಕೆಲಸ ಹೋಗುತ್ತದೆಂದು ಹೆದರಬೇಡ. ಹೊರಡುವಾಗ ಮಾಲೀಕರು "ಗವಸು ಎಲ್ಲಿ ಅಗ್ಗಕ್ಕೆ ಸಿಗುತ್ತಮ್ಮ?" ಎಂದು ನನ್ನನ್ನೇ ಕೇಳಿದರು.

ನಿನ್ನ ಕೈಯನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು ಕಳಿಸು. ಆ ಮೊರದಗಲದ ಕೈಗೆ ಅಳತೆಯದು ಸಿಗಲಿಲ್ಲ ಎಂಬ ನೆಪ ಅವರಿಗೂ ಬೇಡ, ನಿನಗೂ ಬೇಡ. ಚರ್ಮ ಸುಲಿದ ಬೆರಳನ್ನು ಮಡಚಿ ಬಚ್ಚಿಡಬೇಡ. ನನಗೆ ಐದೂ ಬೇಕು.

ಇತಿ,
ಮೂಗು ಚುರುಕಾದ ನಿನ್ನ ಮಗಳು